ಹಳೆಯ ಮೋಟರ್‌ಹೋಮ್: ನಾವೇ ರಿಪೇರಿ ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ

ಇಪ್ಪತ್ತು ವರ್ಷ ದಾಟಿದ ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಇರಬಹುದಾದ ಗಾಡಿ) ಒಂದನ್ನು ಕೊಂಡಿದ್ದೇವೆ. ಎಂಜಿನ್ ಚೆನ್ನಾಗಿದೆ. ಆದರೆ ಹಾಸಿಗೆಯ ಮೇಲಿನ ಮೂಲೆಯಲ್ಲಿ ಕಂದು ಕಲೆ ಇದೆ, ಬಾಗಿಲ ಹತ್ತಿರ ನೆಲ ಮೆತ್ತಗೆ ಅನ್ನಿಸುತ್ತದೆ, ಮನೆಯ ಭಾಗದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿ. ಸೋಲಾರ್ ಹಾಕಿ, ಲಿಥಿಯಂ ಬ್ಯಾಟರಿ ಕೂರಿಸಿ, ಒಳಗೆಲ್ಲ ಬಣ್ಣ ಹೊಡೆಯಬೇಕೆಂಬ ಆಸೆ. ಡ್ರಿಲ್, ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ. ಯಾವುದು ಮೊದಲು? ಯಾವುದನ್ನು ನಾವು ಮುಟ್ಟಬಾರದು? ಮಾಡಿ ನೋಡಿದವರು ಹೇಳಿ.

ಉತ್ತರ 1

ಬಣ್ಣ, ಸೋಲಾರ್ ಎಲ್ಲ ಆಮೇಲೆ. ಮೊದಲು ಆ ಕಲೆ ಮತ್ತು ಆ ನೆಲ. ಇಂಥ ಗಾಡಿಗಳು ಗುಜರಿಗೆ ಹೋಗುವುದು ಹೆಚ್ಚಾಗಿ ನೀರು ಸೋರಿಯೇ. ಎಂಜಿನ್, ಬ್ರೇಕು, ಗೇರುಗಳೆಲ್ಲ ಸರಕು ಸಾಗಿಸುವ ವ್ಯಾನಿನವೇ ಆಗಿರುತ್ತವೆ. ಡುಕಾಟೊ, ಟ್ರಾನ್ಸಿಟ್, ಸ್ಪ್ರಿಂಟರ್ ಇಂಥವುಗಳ ಮೇಲೆ ಕಟ್ಟಿದ್ದಾದರೆ ಬಿಡಿಭಾಗಕ್ಕೆ ಬರವಿಲ್ಲ. ಮನೆಯ ಭಾಗದ ಕಥೆ ಬೇರೆ. ಹಳೆಯವುಗಳಲ್ಲಿ ಅದು ಬಹುತೇಕ ತೆಳು ಮರದ ಚೌಕಟ್ಟು. ಹೊರಗೆ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ಒಳಗೆ ಪ್ಲೈವುಡ್. ನಡುವೆ ಮರ ಕೊಳೆಯುತ್ತಿದ್ದರೂ ಹೊರಗೆ ಗೊತ್ತೇ ಆಗುವುದಿಲ್ಲ.

ಕಲೆ ಎಲ್ಲಿದೆಯೋ ಅಲ್ಲೇ ತೂತು ಇದೆ ಅಂದುಕೊಳ್ಳಬೇಡಿ. ನೀರು ಚಾವಣಿಯ ಒಂದು ಕಡೆ ಒಳಗೆ ಬಂದು, ಚೌಕಟ್ಟಿನ ಮರ ಹಿಡಿದು ಹರಿದು, ಮಾರು ದೂರದಲ್ಲಿ ಇಳಿಯುತ್ತದೆ. ಎರಡು ಮುಳ್ಳಿನ ತೇವ ಅಳೆಯುವ ಮೀಟರ್ ಒಂದು ತೆಗೆದುಕೊಳ್ಳಿ. ಗೋಡೆ, ಚಾವಣಿ, ನೆಲದ ನಕ್ಷೆಯನ್ನು ಹಾಳೆಯ ಮೇಲೆ ಗೀಚಿ, ಗೇಣಿಗೊಂದು ಕಡೆ ಅಳೆದು ಬರೆಯಿರಿ. ಶೇಕಡ 15ರ ಒಳಗಿದ್ದರೆ ಚಿಂತೆ ಇಲ್ಲ. 20 ದಾಟಿದರೆ ನೀರು ಬರುತ್ತಿದೆ ಅಂತಲೇ ಲೆಕ್ಕ. 30 ದಾಟಿದ ಕಡೆ ಮರ ಹೋಗಿರುವ ಸಾಧ್ಯತೆಯೇ ಜಾಸ್ತಿ. ಮುಳ್ಳು ಚುಚ್ಚಿದ ಗುರುತು ಉಳಿಯುತ್ತದೆ, ಆದ್ದರಿಂದ ಬೀರುವಿನ ಒಳಗೆ, ಪಟ್ಟಿಯ ಹಿಂದೆ ಚುಚ್ಚಿ. ಮಳೆ ಬಂದ ಮೇಲೆ ಮತ್ತೆ ಅಳೆದರೆ ಯಾವ ಜಾಗ ಏರಿತು ಅನ್ನುವುದೇ ದಾರಿ ತೋರಿಸುತ್ತದೆ.

ಪೈಪಿನಲ್ಲಿ ನೀರು ಬಿಟ್ಟು ಪರೀಕ್ಷಿಸುವವರು ಒಂದು ಮಾತು ನೆನಪಿಡಿ: ಕೆಳಗಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋಗಿ. ಮೊದಲೇ ಚಾವಣಿಯ ಮೇಲೆ ಸುರಿದರೆ ನೀರು ಎಲ್ಲ ಕಡೆ ಇಳಿದು, ಯಾವ ಸಂದಿನದು ಅಂತ ಹೇಳಲು ಬರುವುದಿಲ್ಲ. ಇನ್ನೂ ಚೆನ್ನಾದ ಉಪಾಯ ಬ್ಲೋವರ್. ಕಿಟಕಿ, ಗಾಳಿಗಿಂಡಿ ಎಲ್ಲ ಮುಚ್ಚಿ ಒಳಗೆ ಗಾಳಿ ತುಂಬಿ, ಹೊರಗಿನ ಸಂದುಗಳಿಗೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ತೂತು ಇದೆ.

ನಾನು ಮೊದಲು ಅನುಮಾನಿಸುವುದು ಚಾವಣಿಯ ಗಾಳಿಗಿಂಡಿಗಳನ್ನು, ಚಾವಣಿ ಮತ್ತು ಗೋಡೆ ಸೇರುವ ಮೂಲೆಪಟ್ಟಿಯನ್ನು, ಮೇಲಿನ ಪುಟ್ಟ ದೀಪಗಳನ್ನು, ನೆರಳಿನ ಬಟ್ಟೆ ಕೂರಿಸಿದ ಕಂಬಿಯನ್ನು. ಮೂಲೆಪಟ್ಟಿಯ ಪ್ಲಾಸ್ಟಿಕ್ ಎಳೆ ಎಳೆದು ತೆಗೆದರೆ ಸ್ಕ್ರೂಗಳು ಕಾಣುತ್ತವೆ. ಅವು ತುಕ್ಕು ಹಿಡಿದಿದ್ದರೆ ಉತ್ತರ ಸಿಕ್ಕಿತು ಅನ್ನಿ. ಬಾಗಿಲ ಹತ್ತಿರದ ನೆಲಕ್ಕೆ ನೀರು ಕೆಳಗಿಂದಲೂ ಬರಬಹುದು, ಚಕ್ರ ಚಿಮ್ಮಿಸಿದ ನೀರು. ಗಾಡಿಯ ಅಡಿ ಮಲಗಿ ನೋಡಿ.

ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟಿನ ಬಗ್ಗೆ ನನ್ನದು ಸ್ವಲ್ಪ ಹಟ. ಹಳೆಯದರ ಮೇಲೆ ಹೊಸದನ್ನು ಬಳಿಯುವುದು ಕೆಲಸವೇ ಅಲ್ಲ. ಪಟ್ಟಿ ಬಿಚ್ಚಿ, ಹಳೆಯದನ್ನು ಪ್ಲಾಸ್ಟಿಕ್ ಉಜ್ಜುಗೋಲಿನಿಂದ ಪೂರ್ತಿ ಕೆರೆದು, ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬ್ಯುಟೈಲ್ ಟೇಪ್ (ಮೆತ್ತಗೇ ಉಳಿಯುವ ಅಂಟುಪಟ್ಟಿ) ಇಟ್ಟು ಮತ್ತೆ ಕೂರಿಸಿ. ಬ್ಯುಟೈಲ್ ಮೆಲ್ಲಗೆ ಹೊರಗೆ ಹಿಸುಕಿಕೊಂಡು ಬರುತ್ತದೆ. ಕೆಲವು ದಿನ ಬಿಟ್ಟು ಸ್ಕ್ರೂಗಳನ್ನು ಕೈಯಲ್ಲೇ ಇನ್ನೊಂದು ಸುತ್ತು ಬಿಗಿ ಮಾಡಿ. ತಾನೇ ಹರಡಿಕೊಳ್ಳುವ ಸೀಲಂಟ್ ಸಮತಟ್ಟಾದ ಚಾವಣಿಗೆ ಮಾತ್ರ, ಗೋಡೆಗೆ ಹಾಕಿದರೆ ಇಳಿದು ಹೋಗುತ್ತದೆ. ಬಚ್ಚಲಿಗೆ ಹಾಕುವ ಸಿಲಿಕೋನ್ ಬೇಡವೇ ಬೇಡ. ಅದು ಒಮ್ಮೆ ಹತ್ತಿದ ಜಾಗದಲ್ಲಿ ಮುಂದೆ ಯಾವುದೂ ಸರಿಯಾಗಿ ಅಂಟುವುದಿಲ್ಲ. ಅಕ್ರಿಲಿಕ್ ಕಿಟಕಿಗೆ ಪಾಲಿಯುರಿಥೇನ್ ಸೀಲಂಟ್ ಹಾಕಬೇಡಿ, ಬಿರುಕು ಬಿಡುತ್ತದೆ. ರಬ್ಬರ್ ಚಾವಣಿಗೆ ಪೆಟ್ರೋಲ್, ಥಿನ್ನರ್ ಸೋಕಿಸಬೇಡಿ, ಉಬ್ಬಿಕೊಳ್ಳುತ್ತದೆ.

ಸೋರುವುದು ನಿಂತ ಮೇಲೆ ಒಳಗಿನ ಪ್ಲೈ ಬಿಚ್ಚಿ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗದಂಥ ಗಟ್ಟಿ ಮರ ಸಿಗುವ ತನಕ ಕೊಳೆತದ್ದನ್ನು ಕತ್ತರಿಸಿ ತೆಗೆಯಬೇಕು. ಆಮೇಲೆ ಒಣಗಲು ಬಿಡಿ. ತೇವ ಹೀರುವ ಯಂತ್ರ ಇಟ್ಟರೂ ವಾರಗಟ್ಟಲೆ ಬೇಕು. ಮೀಟರ್ 15ಕ್ಕೆ ಇಳಿಯದೆ ಹೊಸ ಪ್ಲೈ ಹೊಡೆದರೆ ಒಳಗೆ ಮತ್ತೆ ಅದೇ ಕೊಳೆ.

ನೆಲದಲ್ಲಿ ಎರಡು ಬಗೆ. ಮರ ಕೊಳೆತಿದ್ದರೆ ಕತ್ತರಿಸಿ ಹೊಸದು ಹಾಕಬೇಕು. ಕೆಲವು ನೆಲಗಳು ಪ್ಲೈ, ಫೋಮ್, ಪ್ಲೈ ಅಂಟಿಸಿ ಮಾಡಿದವು. ಓಡಾಟ ಜಾಸ್ತಿ ಇರುವ ಬಾಗಿಲ ಬಳಿ ಅಂಟು ಮಾತ್ರ ಬಿಟ್ಟಿರುತ್ತದೆ. ಮರ ಒಣಗಿದ್ದು ನಡೆದಾಗ ಕಿರುಗುಟ್ಟುತ್ತಿದ್ದರೆ, ಸಣ್ಣ ತೂತು ಕೊರೆದು ಎಪಾಕ್ಸಿ ರಾಳ ಸೂಜಿಯಲ್ಲಿ ತುಂಬಿ, ಮೇಲೆ ಭಾರ ಹೇರಿ ಬಿಟ್ಟರೆ ನೆಲ ಗಟ್ಟಿಯಾಗುತ್ತದೆ. ಒದ್ದೆ ನೆಲಕ್ಕೆ ಇದನ್ನು ಮಾಡಿ ಪ್ರಯೋಜನವಿಲ್ಲ.

ಉತ್ತರ 2

ಮೇಲಿನವರ ಮಾತಿಗೆ ನನ್ನದೂ ಸಹಿ. ಆದರೆ ಗಾಡಿ ರಸ್ತೆಗೆ ಇಳಿಯುವ ಮೊದಲು ಟೈರು ನೋಡಿ ಸ್ವಾಮಿ. ಪಕ್ಕದ ಗೋಡೆಯ ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2318 ಅಂದರೆ 2018ರ 23ನೇ ವಾರ. ಮೋಟರ್‌ಹೋಮ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಹಾಗಾಗಿ ಟೈರಿನ ಗೀರುಗಳು ಸವೆಯದೆ ಹೊಸದರಂತೆ ಇದ್ದೂ ರಬ್ಬರ್ ಮುದಿಯಾಗಿರುತ್ತದೆ. ಆರೇಳು ವರ್ಷ ಆದ ಟೈರಿನ ಮೇಲೆ ನಾನಂತೂ ಮನೆಯವರನ್ನು ಕೂರಿಸುವುದಿಲ್ಲ. ಟೈಮಿಂಗ್ ಬೆಲ್ಟ್ ಕೂಡ ಹಾಗೆಯೇ, ಕಿಲೋಮೀಟರ್ ಜೊತೆಗೆ ವಯಸ್ಸೂ ಲೆಕ್ಕ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇನ್ನೊಂದು, ತೂಕ. ಏನನ್ನಾದರೂ ಸೇರಿಸುವ ಮೊದಲು ಸಾಮಾನು, ನೀರು, ಜನ ಎಲ್ಲ ತುಂಬಿ ತೂಕದ ಕಟ್ಟೆಗೆ ಒಯ್ಯಿರಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ, ಗಾಡಿಯ ಫಲಕದಲ್ಲಿರುವ ಮಿತಿಗೆ ಹೋಲಿಸಿ. ನೀರು ಲೀಟರಿಗೆ ಒಂದು ಕಿಲೋ. ಹಿಂದಿನ ಚಕ್ರದಿಂದ ಆಚೆ ಇಡುವ ಭಾರ ಇನ್ನೂ ಮೋಸಗಾರ. ಚಕ್ರಗಳ ನಡುವೆ 4 ಮೀಟರ್ ಇರುವ ಗಾಡಿಗೆ, ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಆಚೆ 100 ಕಿಲೋ ಹೇರಿದರೆ ಹಿಂದಿನ ಆಕ್ಸಲ್ ಮೇಲೆ 150 ಕಿಲೋ ಕೂರುತ್ತದೆ, ಮುಂದೆ 50 ಕಿಲೋ ಹಗುರವಾಗುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಒದ್ದೆ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತದೆ ಅಷ್ಟೇ.

ಉತ್ತರ 3

ಕರೆಂಟಿನ ವಿಷಯ ನನಗಿರಲಿ.

ಲಿಥಿಯಂ ಕೊಳ್ಳುವ ಮೊದಲು ಬ್ಯಾಟರಿ ಯಾಕೆ ಖಾಲಿಯಾಗುತ್ತಿದೆ ಅಂತ ಕಂಡುಹಿಡಿಯಿರಿ. ಪೂರ್ತಿ ಚಾರ್ಜ್ ಮಾಡಿ, ತಂತಿ ಬಿಚ್ಚಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮಲ್ಟಿಮೀಟರ್ 12.6, 12.7 ವೋಲ್ಟ್ ತೋರಿಸಿದರೆ ಬ್ಯಾಟರಿಯಲ್ಲಿ ಇನ್ನೂ ಜೀವ ಇದೆ, ಗಾಡಿಯಲ್ಲಿ ಏನೋ ಕದ್ದು ಕುಡಿಯುತ್ತಿದೆ. 12.4ಕ್ಕಿಂತ ಕೆಳಗೆ ಬಿದ್ದಿದ್ದರೆ ಬ್ಯಾಟರಿಯದೇ ತಪ್ಪು. ಕದಿಯುವುದನ್ನು ಹಿಡಿಯಲು ಮೀಟರನ್ನು ಆಂಪಿಯರ್‌ಗೆ ಇಟ್ಟು ನೆಗೆಟಿವ್ ತಂತಿಯ ನಡುವೆ ಸೇರಿಸಿ, ಎಲ್ಲ ಆರಿಸಿ, ಫ್ಯೂಸುಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯಿತೋ ಅದೇ ದಾರಿ. ಹಳೆಯ ಗಾಡಿಗಳಲ್ಲಿ ಅರ್ಧಕ್ಕರ್ಧ ಕಾಯಿಲೆ ತುಕ್ಕು ಹಿಡಿದ ಅರ್ತ್ ಬೋಲ್ಟಿನದು. ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಬಿಗಿ ಮಾಡಿದರೆ ಮಂಕು ದೀಪವೂ ಬೆಳಗುತ್ತದೆ.

ದೀಪ ಅಂದಾಗ ನೆನಪಾಯಿತು. 20 ವ್ಯಾಟ್ ಹ್ಯಾಲೊಜನ್ ಜಾಗಕ್ಕೆ 2, 3 ವ್ಯಾಟಿನ ಎಲ್ಇಡಿ ಸಾಕು. ಇಡೀ ಗಾಡಿಯಲ್ಲಿ ಇದಕ್ಕಿಂತ ಸುಲಭದ ಲಾಭ ಬೇರೆ ಇಲ್ಲ. ಕೊಳ್ಳುವಾಗ 10ರಿಂದ 30 ವೋಲ್ಟ್ ತಡೆಯುವಂಥದ್ದನ್ನೇ ಕೊಳ್ಳಿ. ಚಾರ್ಜ್ ಆಗುವಾಗ 14.4 ವೋಲ್ಟ್ ಬರುತ್ತದೆ, ಬರೀ 12ಕ್ಕೆ ಮಾಡಿದವು ಬೇಗ ಸುಡುತ್ತವೆ.

ಆಮೇಲೆ ದಿನದ ಖರ್ಚು ಲೆಕ್ಕ ಹಾಕಿ. 45 ವ್ಯಾಟಿನ ಕಂಪ್ರೆಸರ್ ಫ್ರಿಜ್ ದಿನದ ಶೇಕಡ 40ರಷ್ಟು ಹೊತ್ತು ಓಡಿದರೆ ಸುಮಾರು 430 ವ್ಯಾಟ್-ಅವರ್, ಅಂದರೆ 36 ಆಂಪಿಯರ್-ಅವರ್. ದೀಪ, ಪಂಪು, ಫೋನು ಸೇರಿ 50 ಅನ್ನಿ. ಒಳ್ಳೆಯ ಬಿಸಿಲಿನಲ್ಲಿ ಚಪ್ಪಟೆಯಾಗಿ ಹಾಕಿದ 100 ವ್ಯಾಟಿನ ಫಲಕ ದಿನಕ್ಕೆ 300ರಿಂದ 400 ವ್ಯಾಟ್-ಅವರ್ ಕೊಡಬಹುದು, ಮೋಡ ಮುಚ್ಚಿದರೆ ಅದರಲ್ಲಿ ಚೂರು ಮಾತ್ರ. ಹಾಗಾಗಿ 200 ವ್ಯಾಟ್ ಹಾಕಿದರೆ ನೆಮ್ಮದಿ.

ಲಿಥಿಯಂನ ಲಾಭ ನಿಜವೇ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕಡಿಮೆ. ಲಿಥಿಯಂನಲ್ಲಿ ಶೇಕಡ 80ರ ತನಕ ಆರಾಮಾಗಿ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. ಆದರೆ ಹಳೆಯ ಗಾಡಿಗೆ ಸುಮ್ನೆ ಅದಲು ಬದಲು ಮಾಡಲು ಬರುವುದಿಲ್ಲ. ಲಿಥಿಯಂ ಬಾಯಿ ತೆರೆದು ಆಲ್ಟರ್ನೇಟರ್ ಕೊಟ್ಟಷ್ಟೂ ಕುಡಿಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ನಡುವೆ ಆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಹಳೆಯ ಮೇನ್ಸ್ (ಹೊರಗಿನ 230 ವೋಲ್ಟ್ ಕರೆಂಟಿನ) ಚಾರ್ಜರ್ ಕೂಡ ಲಿಥಿಯಂಗೆ ಹೊಂದುತ್ತದೆಯೇ ನೋಡಿ. ಸೊನ್ನೆ ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಚಾರ್ಜ್ ಮಾಡಿದರೆ ಸೆಲ್ಲುಗಳು ಹಾಳಾಗುತ್ತವೆ. ಇಷ್ಟೆಲ್ಲ ಕೂಡಿಸಿ ನೋಡಿದರೆ ಮೊದಲ ವರ್ಷಕ್ಕೆ ಒಳ್ಳೆಯ ಎಜಿಎಂ ಬ್ಯಾಟರಿ (ಸೀಸದ್ದೇ, ಮುಚ್ಚಿದ ಬಗೆಯದು), ಎಲ್ಇಡಿ, ಸೋಲಾರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಬೇರೆಯವರು ಒಪ್ಪಲಿಕ್ಕಿಲ್ಲ.

ವೈರು ದಪ್ಪ ಇರಲಿ. 12 ವೋಲ್ಟ್‌ನಲ್ಲಿ 5 ಮೀಟರ್ ದೂರಕ್ಕೆ 10 ಆಂಪಿಯರ್ ಕಳಿಸಿದರೆ ಹೋಗಿ ಬರುವ ದಾರಿ 10 ಮೀಟರ್. 2.5 ಚದರ ಮಿಲಿಮೀಟರ್ ತಾಮ್ರದಲ್ಲಿ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 6 ಚದರ ಮಿಲಿಮೀಟರ್ ಹಾಕಿದರೆ 0.3. ಫ್ಯೂಸ್ ಇರುವುದು ವೈರು ಉರಿಯದಂತೆ ಕಾಯಲು, ಅದಕ್ಕೇ ಬ್ಯಾಟರಿಯ ಪಕ್ಕದಲ್ಲೇ ಹಾಕಬೇಕು. 230 ವೋಲ್ಟ್ ಕಡೆಗೆ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನೇ ಕರೆಯಿರಿ.

ಹಾಂ, ಸೋಲಾರ್ ಫಲಕಕ್ಕೆ ಚಾವಣಿ ಕೊರೆಯುವ ಮೊದಲು ಉತ್ತರ 1 ಇನ್ನೊಮ್ಮೆ ಓದಿ. ಫೈಬರ್, ಅಲ್ಯೂಮಿನಿಯಂ ಚಾವಣಿಗೆ ಅಂಟಿನಿಂದ ಕೂರುವ ಪಾದಗಳು ಸಿಗುತ್ತವೆ. ರಬ್ಬರ್ ಚಾವಣಿಗೆ ಅವು ಆಗುವುದಿಲ್ಲ, ಯಾಕೆಂದರೆ ರಬ್ಬರ್ ತಾನೇ ಬರೀ ಅಂಟಿನ ಮೇಲೆ ನಿಂತಿರುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ತೇವದ ನಕ್ಷೆ ಇವತ್ತೇ ಶುರು. ಇನ್ನೊಂದು ಸಂಶಯ: ನಮ್ಮ ಫ್ರಿಜ್ ಗ್ಯಾಸ್, 12 ವೋಲ್ಟ್, ಮೇನ್ಸ್ ಮೂರರಲ್ಲೂ ಓಡುವಂಥದ್ದು. ಮೇನ್ಸ್‌ನಲ್ಲಿ ತಣ್ಣಗಾಗುತ್ತದೆ, ಗ್ಯಾಸ್‌ನಲ್ಲಿ ಆಗುತ್ತಿಲ್ಲ. ಹೊಸದು ಹಾಕಬೇಕಾ?

ಉತ್ತರ 4

ಬೇಡ, ಖುಷಿಪಡಿ. ಮೇನ್ಸ್‌ನಲ್ಲಿ ತಣ್ಣಗಾಗುತ್ತಿದೆ ಅಂದರೆ ಅಮೋನಿಯಾ ತುಂಬಿದ ತಂಪಿನ ಘಟಕ ಗಟ್ಟಿಯಾಗಿದೆ. ತೊಂದರೆ ಬರ್ನರಿನದು. ಮೇಲಿನ ಹೊಗೆಕೊಳವೆಯಿಂದ ತುಕ್ಕಿನ ಚೂರು ಬರ್ನರ್ ಮೇಲೆ ಉದುರಿ, ಉರಿ ಹಳದಿಯಾಗುತ್ತದೆ. ಸಿಲಿಂಡರ್ ಬಂದ್ ಮಾಡಿ, ಹೊರಗಿನ ಜಾಲರಿ ತೆಗೆದು, ಕೊಳವೆ ಮತ್ತು ಬರ್ನರನ್ನು ಬ್ರಷ್‌ನಿಂದ ಗುಡಿಸುವುದು ಕಷ್ಟವೇನಲ್ಲ. ಗ್ಯಾಸ್ ಹೊರಬರುವ ಜೆಟ್‌ನ ತೂತಿಗೆ ಮಾತ್ರ ಪಿನ್ನು, ತಂತಿ ಚುಚ್ಚಬೇಡಿ. ಅದು ಅಗಲವಾದರೆ ಉರಿಯ ಅಳತೆಯೇ ಕೆಡುತ್ತದೆ. ಗ್ಯಾಸ್ ಜೋಡಣೆ ಬಿಚ್ಚದೆ ಆಗುವುದಿಲ್ಲ ಅನ್ನುವ ಹಂತ ಬಂದರೆ ಅಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕರೆಯಿರಿ.

ಈ ಬಗೆಯ ಫ್ರಿಜ್ ಗಾಡಿ ಸಮತಟ್ಟಾಗಿ ನಿಂತಾಗಲೇ ಸರಿಯಾಗಿ ನಡೆಯುವುದು. 12 ವೋಲ್ಟ್‌ನಲ್ಲಿ ಹತ್ತು ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ, ಅದು ಎಂಜಿನ್ ಓಡುವಾಗ ಮಾತ್ರ. ನಿಮ್ಮ ಬ್ಯಾಟರಿ ಕಳ್ಳ ಇದೇ ಇರಬಹುದು, ನೋಡಿ! ಹಿಂದೆ ಹಳದಿ ಪುಡಿ ಕಂಡರೆ, ಒಳಗೆ ಅಮೋನಿಯಾ ವಾಸನೆ ಬಂದರೆ ಘಟಕ ಹೋಯಿತು ಅಂತ. ಅದನ್ನು ಬೆಸುಗೆ ಹಾಕಲು ಹೋಗಬೇಡಿ, ಒಳಗೆ ಒತ್ತಡದಲ್ಲಿ ಹೈಡ್ರೊಜನ್ ಕೂಡ ಇರುತ್ತದೆ.

ಗ್ಯಾಸಿನಲ್ಲಿ ನಾವು ಮಾಡಬಹುದಾದ್ದು ಸೋಪಿನ ನೀರಿನ ಪರೀಕ್ಷೆ ಮತ್ತು ರಬ್ಬರ್ ಪೈಪಿನ ಮೇಲಿನ ದಿನಾಂಕ ನೋಡುವುದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಅದು ಇಳಿದು ಹೋಗಲೆಂದೇ ನೆಲದಲ್ಲಿ ಕಿಂಡಿಗಳಿರುತ್ತವೆ. ನೆಲ ರಿಪೇರಿ ಮಾಡುವಾಗ ತಣ್ಣನೆ ಗಾಳಿ ಬರುತ್ತದೆ ಅಂತ ಅವುಗಳನ್ನು ಮುಚ್ಚಿಬಿಡುತ್ತಾರೆ. ದಯವಿಟ್ಟು ಮುಚ್ಚಬೇಡಿ, ಇಲಿ ಬಾರದಂತೆ ಜಾಲರಿ ಹಾಕಿ ಸಾಕು. ಗ್ಯಾಸ್ ಅಲಾರಂ ನೆಲದ ಹತ್ತಿರ ಇರಲಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ, ಅದೂ ಬೇಕು. ಎರಡಕ್ಕೂ ಆಯುಸ್ಸು ಇದೆ, ಹಿಂದೆ ಬರೆದಿರುತ್ತದೆ.

ಉತ್ತರ 5

ನೀರಿನ ಪಂಪಿನ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲ ನಲ್ಲಿ ಮುಚ್ಚಿದ್ದರೂ ಪಂಪು ಆಗಾಗ ಒಂದು ಕ್ಷಣ ಗುರ್ ಅಂದರೆ ಎಲ್ಲೋ ಪೈಪು ತೊಟ್ಟಿಕ್ಕುತ್ತಿದೆ. ರಾತ್ರಿಯ ನಿಶ್ಶಬ್ದದಲ್ಲಿ ಕಿವಿಗೊಟ್ಟು ಕೇಳಿ. ಬಾಗಿಲ ಬಳಿಯ ನೆಲಕ್ಕೆ ಇದೂ ಕಾರಣ ಇರಬಹುದು, ಚಾವಣಿಯೇ ಆಗಬೇಕೆಂದಿಲ್ಲ. ತಪಾಸಣೆ ಸುಲಭ: ಪಂಪು ಆರಿಸಿ, ಟ್ಯಾಂಕು ಖಾಲಿ ಮಾಡಿ ಬಿಡಿ. ಮಳೆ ಇಲ್ಲದೆಯೂ ತೇವದ ಮೀಟರ್ ಏರುತ್ತಿತ್ತು, ಈಗ ಇಳಿಯುತ್ತಿದೆ ಅಂದರೆ ಪೈಪೇ.

ಹಳೆಯ ಟ್ಯಾಂಕಿನ ನೀರು ಕುಡಿಯುವ ಮೊದಲು ಶುದ್ಧ ಮಾಡಿಕೊಳ್ಳಿ. ವಾಸನೆ ಬೆರೆಸದ, ಶೇಕಡ 5ರ ಬ್ಲೀಚ್ ದ್ರಾವಣ ಲೀಟರ್ ನೀರಿಗೆ 1 ಮಿಲಿಲೀಟರ್ ಲೆಕ್ಕದಲ್ಲಿ ಹಾಕಿ, ಟ್ಯಾಂಕು ತುಂಬಿ. ಬಿಸಿ, ತಣ್ಣನೆ ಎರಡೂ ನಲ್ಲಿಗಳಲ್ಲಿ ವಾಸನೆ ಬರುವ ತನಕ ಬಿಟ್ಟು, ನಾಲ್ಕು ಗಂಟೆಯಾದರೂ ಹಾಗೇ ಇಡಿ. ಫಿಲ್ಟರ್ ಇದ್ದರೆ ಮೊದಲೇ ತೆಗೆದಿಡಿ. ಆಮೇಲೆ ಒಳ್ಳೆಯ ನೀರು ತುಂಬಿ ಖಾಲಿ ಮಾಡುತ್ತಾ ಹೋಗಿ. ಎರಡು ಮೂರು ಸಲಕ್ಕೆ ವಾಸನೆ ಹೋಗುತ್ತದೆ. ಶವರ್ ತಲೆಯ ತೂತುಗಳಲ್ಲಿ ಸುಣ್ಣದ ಕಲ್ಲು ಸಿಕ್ಕಿಕೊಂಡಿರುತ್ತದೆ, ಅದನ್ನು ಕಳಚಿ ಬೇರೆಯೇ ತೊಳೆಯಿರಿ.