ನಿಲ್ಲಿಸಿಟ್ಟ ಬೋಟಿನ ಎಂಜಿನ್ ಒಳಗೆ ಉಪ್ಪುನೀರು, ಇದು ಮೂರನೇ ಸಲ

ಮಾಂಡವಿ_ತೀರ:
ಊರು ಕುಮಟಾ, ಇರುವುದು ಪಣಜಿಯಲ್ಲಿ. 28 ಅಡಿಯ ಹಳೇ ಹಾಯಿದೋಣಿ ನನ್ನದು, ಮಾಂಡವಿಯಲ್ಲಿ ಬ್ರಿಟೋನಾ ಕಡೆ ಲಂಗರು ಹಾಕಿ ನಿಲ್ಲಿಸುತ್ತೇನೆ. ಭಾನುವಾರ ಸಂಜೆ ಎಂಜಿನ್ ಚೆನ್ನಾಗಿ ಓಡಿತು, ಆಫ್ ಮಾಡಿ ಮನೆಗೆ ಬಂದೆ. ಬುಧವಾರ ಹೋಗಿ ಸೆಲ್ಫ್ ಹೊಡೆದರೆ ಟಕ್ ಅಂತ ಒಂದೇ ಸದ್ದು, ಎಂಜಿನ್ ತಿರುಗಲೇ ಇಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಪೂರ್ತಿ ಹಾಲು ಬೆರೆಸಿದ ಕಾಫಿ ಬಣ್ಣ. ಎರಡು ತಿಂಗಳಲ್ಲಿ ಇದು ಮೂರನೇ ಸಲ! ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದ, ಅದನ್ನೂ ಬದಲಿಸಿ ಆಯಿತು, ದುಡ್ಡೂ ಹೋಯಿತು, ನೀರು ಮಾತ್ರ ಬರುತ್ತಲೇ ಇದೆ. ಆಂಟಿ-ಸೈಫನ್ ವಾಲ್ವ್ (ನಿಂತ ಎಂಜಿನ್ನಿಗೆ ಹೊರಗಿನ ನೀರು ಪೈಪಿನಲ್ಲಿ ತಾನಾಗಿ ಹರಿದು ಬರದಂತೆ ತಡೆಯುವುದು) ಇದೆ, ದಯವಿಟ್ಟು ಅದನ್ನೇ ಹಾಕಿಸಿ ಅಂತ ಹೇಳಬೇಡಿ. ನೀರು ಎಲ್ಲಿಂದ ಬರುತ್ತಿದೆ ಹೇಳಿ, ತಲೆ ಕೆಟ್ಟು ಹೋಗಿದೆ.

ಕಾರವಾರದ_ಅಲೆ:
ಮೊದಲು ಸೀಕಾಕ್, ಅಂದರೆ ಬೋಟಿನ ತಳದಲ್ಲಿ ಸಮುದ್ರದ ನೀರು ಒಳಗೆ ಬರುವ ವಾಲ್ವ್, ಬಂದ್ ಮಾಡಿ. ಇನ್ನೊಮ್ಮೆ ಸೆಲ್ಫ್ ಹೊಡೆಯಲೇಬೇಡಿ ಮಾರಾಯ್ರೇ, ಸಿಲಿಂಡರಲ್ಲಿ ನೀರಿದ್ದರೆ ಅದು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿ ಹೋಗುತ್ತದೆ. ಯಾವ ಎಂಜಿನ್ ಅಂತ ಬರೆದೇ ಇಲ್ಲವಲ್ಲ?

ಮಾಂಡವಿ_ತೀರ:
ಯನ್ಮಾರ್ 2ಜಿಎಂ20ಎಫ್. ಎಲ್ಲರ ಹತ್ತಿರ ಇರುವುದೇ ಅಲ್ವಾ, ಅದಕ್ಕೇ ಬರೆಯಲಿಲ್ಲ.

ಡೀಸೆಲ್_ರಾಯರು:
ಎರಡು ಸಿಲಿಂಡರಿನ ಒಳ್ಳೇ ಎಂಜಿನ್ ಅದು. ನೀವು ಸೆಲ್ಫ್ ಎಷ್ಟು ಹೊತ್ತು ಹೊಡೆಯುತ್ತೀರಿ? ನನಗೆ ಅನುಮಾನ ಅಲ್ಲೇ. ಎಂಜಿನ್ ಹಿಡಿಯದೆ ಬರೀ ತಿರುಗುತ್ತಿದ್ದಾಗಲೂ ನೀರಿನ ಪಂಪ್ ಎಂಜಿನ್ ತಂಪು ಮಾಡುವ ಸಮುದ್ರದ ನೀರನ್ನು ಎಕ್ಸಾಸ್ಟಿಗೆ ತಳ್ಳುತ್ತಲೇ ಇರುತ್ತದೆ. ಆ ನೀರನ್ನು ಹೊರಗೆ ಊದುವುದಕ್ಕೆ ಹೊಗೆ ಇರುವುದಿಲ್ಲ. ಮಫ್ಲರ್ (ಸೈಲೆನ್ಸರ್ ಡಬ್ಬಿ) ತುಂಬುತ್ತದೆ, ಆಮೇಲೆ ಹಿಂದಕ್ಕೆ ಹರಿದು ಎಕ್ಸಾಸ್ಟ್ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಬೇಗ ಸ್ಟಾರ್ಟ್ ಆಗದಿದ್ದರೆ ಸೀಕಾಕ್ ಮುಚ್ಚಿ ಹೊಡೆಯಬೇಕು, ಹಿಡಿದ ತಕ್ಷಣ ತೆರೆಯಬೇಕು.

ಮಾಂಡವಿ_ತೀರ:
ಒಂದೇ ಸಲಕ್ಕೆ ಹಿಡಿಯುತ್ತದೆ ರಾಯರೇ. ಎರಡು ಸೆಕೆಂಡು ಕೂಡ ಬೇಡ.

ಡೀಸೆಲ್_ರಾಯರು:
ಎಲ್ಲರೂ ಹಾಗೇ ಹೇಳುತ್ತಾರೆ. ಬ್ಯಾಟರಿ ಎಷ್ಟು ಹಳೆಯದು? ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ ನೋಡಿದ್ದೀರಾ?

ಕಾರವಾರದ_ಅಲೆ:
ಆ ಎಂಜಿನ್ನಿಗೆ ಗ್ಲೋ ಪ್ಲಗ್ಗೇ ಇಲ್ಲ, ಸಿಲಿಂಡರಿನ ಒತ್ತಡ ಬಿಟ್ಟು ಸುಲಭವಾಗಿ ತಿರುಗಿಸುವುದಕ್ಕೆ ಡಿಕಂಪ್ರೆಷನ್ ಲಿವರ್ ಇದೆ. ಅವರು ಒಂದೇ ಸಲಕ್ಕೆ ಹಿಡಿಯುತ್ತದೆ ಅನ್ನುತ್ತಿದ್ದಾರೆ, ನಂಬೋಣ.

ಡೀಸೆಲ್_ರಾಯರು:
ಇಲ್ಲದಿದ್ದರೆ ಇಲ್ಲ. ನಾನು ನೋಡಿದ ಇಂಥ ಐದು ಕೇಸಿನಲ್ಲಿ ನಾಲ್ಕು ಸೆಲ್ಫಿನಿಂದಲೇ ಆದದ್ದು. ಸೆಲ್ಫ್ ಬಿಟ್ಟು ಬೇರೆ ಏನೂ ಹುಡುಕಬೇಡಿ.

ಪಡುಗಡಲು:
ಒಂದು ವಿಷಯ ಯಾರೂ ಯೋಚಿಸಿಲ್ಲ. ಮಳೆಗಾಲ ಮುಗಿದ ಮೇಲೂ ಮಾಂಡವಿಯಲ್ಲಿ ಸಿಹಿನೀರಿನ ಅಂಶ ಜಾಸ್ತಿ ಇರುತ್ತದೆ. ಸಿಹಿನೀರಿನಲ್ಲಿ ಬೋಟ್ ಸ್ವಲ್ಪ ಹೆಚ್ಚು ಮುಳುಗುತ್ತದೆ. ಎಕ್ಸಾಸ್ಟ್ ಬಾಯಿ ನೀರಿನ ಹತ್ತಿರ ಬಂದು ಅಲ್ಲಿಂದ ಒಳಗೆ ನುಗ್ಗುತ್ತಿರಬಹುದು.

ಲೆಕ್ಕದ_ಮೇಷ್ಟ್ರು:
ಲೆಕ್ಕ ಹಾಕಿ ನೋಡೋಣ. ಉಪ್ಪುನೀರಿಗೂ ಸಿಹಿನೀರಿಗೂ ತೂಕದಲ್ಲಿ ಸುಮಾರು 2.5 ಶೇಕಡಾ ವ್ಯತ್ಯಾಸ. 28 ಅಡಿ ಬೋಟ್ ಮೂರೂವರೆ ಟನ್ ಅಂದುಕೊಳ್ಳಿ. ಪೂರ್ತಿ ಸಿಹಿನೀರಿಗೆ ಬಂದರೆ 85 ಲೀಟರಿನಷ್ಟು ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸಬೇಕು. ನೀರಿನ ಮಟ್ಟದಲ್ಲಿ ಬೋಟಿನ ಹರವು 12 ಚದರ ಮೀಟರ್ ಇದ್ದರೆ ಮುಳುಗುವುದು 7 ಮಿಲಿಮೀಟರ್. ಕಿರುಬೆರಳಿನ ದಪ್ಪವೂ ಇಲ್ಲ.

ಪಡುಗಡಲು:
12 ಚದರ ಮೀಟರ್ ಅಂತ ನಿಮಗೆ ಹೇಗೆ ಗೊತ್ತು? ಬೋಟ್ ನೋಡಿದ್ದೀರಾ?

ಲೆಕ್ಕದ_ಮೇಷ್ಟ್ರು:
10 ಇಟ್ಟುಕೊಳ್ಳಿ. ಎಂಟೂವರೆ ಮಿಲಿಮೀಟರ್ ಆಗುತ್ತದೆ.

ಕೊಲಾಬಾ_ಕನ್ನಡಿಗ:
ನಮ್ಮದು ಮುಂಬೈಯಲ್ಲಿ, ಗೇಟ್‌ವೇ ಎದುರು ಲಂಗರು. ಕಳೆದ ವರ್ಷ ಎಲ್ಲಾ ಸೀಕಾಕ್ ತೆಗೆಸಿ ಹೊಸ ಕಂಚಿನವು ಹಾಕಿಸಿದೆ, ಹೋಸ್ ಎಲ್ಲಾ ಹೊಸದು, ಪ್ರತಿ ಜಾಯಿಂಟಿಗೆ ಎರಡೆರಡು ಸ್ಟೀಲ್ ಕ್ಲಿಪ್, ತಳದಲ್ಲಿ ನಿಂತ ನೀರು ಹೊರಹಾಕುವ ಬಿಲ್ಜ್ ಪಂಪ್ ಎರಡು, ಅಲಾರಂ ಬೇರೆ. ನಿಮ್ಮ ಸೀಕಾಕ್ ಹಿತ್ತಾಳೆಯದಾ? ಹಿತ್ತಾಳೆ ಆದರೆ ಉಪ್ಪುನೀರಿನಲ್ಲಿ ಅದರ ಸತು ಕರಗಿ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕೈಯಲ್ಲಿ ಮುರಿಯುತ್ತದೆ. ಮೊದಲು ಅದನ್ನು ಬದಲಿಸಿ.

ಡೀಸೆಲ್_ರಾಯರು:
ನನ್ನ ಹಿತ್ತಾಳೆ ವಾಲ್ವ್ 12 ವರ್ಷದಿಂದ ಇದೆ, ಏನೂ ಆಗಿಲ್ಲ.

ಕೊಲಾಬಾ_ಕನ್ನಡಿಗ:
ಆಗುವ ದಿನ ಬೋಟ್ ತಳಕ್ಕೆ ಹೋಗುತ್ತದೆ ರಾಯರೇ. ಇದರಲ್ಲಿ ನಾನು ಒಪ್ಪುವುದೇ ಇಲ್ಲ.

ಕಾರವಾರದ_ಅಲೆ:
ಸೀಕಾಕ್ ವಿಷಯ ಬೇರೆ ಮಾತಾಡೋಣ. ಮಾಂಡವಿಯವರೇ, ಮೂರು ಪ್ರಶ್ನೆ. ಎಕ್ಸಾಸ್ಟ್ ಎಲ್ಬೋಗೆ, ಅಂದರೆ ಹೊಗೆಪೈಪಿನ ಬಾಗಿಗೆ, ನೀರು ಸೇರುವ ಜಾಗ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲೋ ಕೆಳಗೋ? ಆಂಟಿ-ಸೈಫನ್ ವಾಲ್ವ್ ಎಷ್ಟು ಎತ್ತರದಲ್ಲಿದೆ? ಕೊನೆಯ ಸಲ ಬಿಚ್ಚಿ ತೊಳೆದದ್ದು ಯಾವಾಗ?

ಮಾಂಡವಿ_ತೀರ:
ಎಲ್ಬೋ 10 ಸೆಂಟಿಮೀಟರ್ ಕೆಳಗಿದೆ. ಹೋಸ್ ಹೀಟ್ ಎಕ್ಸ್‌ಚೇಂಜರಿನಿಂದ (ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಭಾಗ) ಮೇಲೆ ಹೋಗಿ, ನೀರಿನ ಮಟ್ಟಕ್ಕಿಂತ 35 ಸೆಂಟಿಮೀಟರ್ ಮೇಲೆ ಬಾಗಿ, ಎಲ್ಬೋಗೆ ಇಳಿಯುತ್ತದೆ. ವಾಲ್ವ್ ಆ ಬಾಗಿನ ತುದಿಯಲ್ಲೇ. ತೊಳೆಯುವ ಅಗತ್ಯ ಬೀಳಲಿಲ್ಲ. ಮಳೆಗಾಲಕ್ಕೆ ಮೇಲೆ ಎಳೆಸಿದಾಗ ಅದರಿಂದ ಆಲ್ಟರ್ನೇಟರ್ ಮೇಲೆ ಉಪ್ಪುನೀರು ತೊಟ್ಟಿಕ್ಕುವುದು ಕಂಡಿತ್ತು, ಮೇಲಿಂದ ಎಂ-ಸೀಲ್ ಹಾಕಿಸಿದೆ. ಈಗ ಒಂದು ಹನಿಯೂ ಇಲ್ಲ.

ಕಾರವಾರದ_ಅಲೆ:
ಅದೇ! ಅದೇ ನಿಮ್ಮ ಕಾಯಿಲೆ. ಆ ವಾಲ್ವಿನ ಕೆಲಸವೇ ಗಾಳಿ ಒಳಗೆ ಬಿಡುವುದು. ಒಳಗೆ ಬಾತುಕೋಳಿ ಕೊಕ್ಕಿನಂತಹ ಪುಟ್ಟ ರಬ್ಬರ್ ಇರುತ್ತದೆ. ಎಂಜಿನ್ ಓಡುವಾಗ ನೀರಿನ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ, ನಿಂತ ಕೂಡಲೇ ತೆರೆದು ಗಾಳಿ ಎಳೆಯುತ್ತದೆ, ನೀರಿನ ಸಾಲು ಅಲ್ಲೇ ತುಂಡಾಗುತ್ತದೆ. ಉಪ್ಪು ಕಟ್ಟಿ ಆ ರಬ್ಬರ್ ಸರಿಯಾಗಿ ಮುಚ್ಚದೆ ಹನಿ ಬೀಳುತ್ತಿತ್ತು ಅಷ್ಟೇ, ಬಿಸಿ ಸಿಹಿನೀರಿನಲ್ಲಿ ತೊಳೆದಿದ್ದರೆ ಸಾಕಿತ್ತು. ಈಗ ಮುಚ್ಚಿಬಿಟ್ಟಿದ್ದೀರಿ, ಅದು ಬರೀ ಬಾಗಿದ ಪೈಪು. ಬಾಗಿದ ಪೈಪು ಸೈಫನ್ ತಡೆಯುವುದಿಲ್ಲ, ಗಾಳಿಯ ಒತ್ತಡ ನೀರನ್ನು ಸುಮಾರು 10 ಮೀಟರ್ ತನಕ ಎತ್ತಬಲ್ಲದು, ನಿಮ್ಮ 35 ಸೆಂಟಿಮೀಟರ್ ಯಾವ ಲೆಕ್ಕ! ಪಂಪಿನೊಳಗೆ ತಿರುಗುವ ಇಂಪೆಲ್ಲರ್ ರೆಕ್ಕೆ ಸವೆದಿದ್ದರೆ ಅದರ ಸಂದಿಯಿಂದ ನೀರು ಮೂರು ದಿನ ಸುಮ್ನೆ ಜಿನುಗುತ್ತದೆ. ಮಫ್ಲರ್ ತುಂಬಿ, ತೆರೆದಿರುವ ಎಕ್ಸಾಸ್ಟ್ ವಾಲ್ವಿನಿಂದ ಸಿಲಿಂಡರಿಗೆ, ಅಲ್ಲಿಂದ ಪಿಸ್ಟನ್ ರಿಂಗ್ ದಾಟಿ ಆಯಿಲಿಗೆ. ಗ್ಯಾಸ್ಕೆಟ್ ಪಾಪ ಏನೂ ಮಾಡಿಲ್ಲ.

ಡೀಸೆಲ್_ರಾಯರು:
ಇರಬಹುದು. ಆದರೂ ಸೆಲ್ಫ್ ವಿಷಯ ಮರೆಯಬೇಡಿ.

ಮಾಂಡವಿ_ತೀರ:
ಹನಿ ನಿಲ್ಲಿಸಿದೆ ಅಂತ ನಾನು ಖುಷಿಪಟ್ಟಿದ್ದೆ. ಅದು ಇದಕ್ಕೆ ಸಂಬಂಧ ಅಂತ ತಲೆಗೇ ಬರಲಿಲ್ಲ. ಈಗ ಏನು ಮಾಡಲಿ?

ಕಾರವಾರದ_ಅಲೆ:
ಮಫ್ಲರ್ ಖಾಲಿ ಮಾಡಿ. ಎರಡೂ ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ಲಿನಿಂದ ನಿಧಾನ ತಿರುಗಿಸಿ ನೀರು ಹೊರಗೆ ತಳ್ಳಿ. ಎಲ್ಲಾದರೂ ಬಿಗಿ ಅನ್ನಿಸಿದರೆ ಒತ್ತಾಯ ಮಾಡಬೇಡಿ, ಇಂಜೆಕ್ಟರ್ ಬಿಚ್ಚಿ. ಆಯಿಲ್ ಬದಲಿಸಿ, ಬಿಸಿಯಾಗುವ ತನಕ ಓಡಿಸಿ, ಮತ್ತೆ ಬದಲಿಸಿ, ಬಣ್ಣ ಸರಿಯಾಗುವ ತನಕ ಹೀಗೇ. ಇದನ್ನು ಇವತ್ತೇ ಮಾಡಿ, ಉಪ್ಪುನೀರು ಒಳಗೆ ನಿಂತಷ್ಟೂ ತುಕ್ಕು.

ಕೊಲಾಬಾ_ಕನ್ನಡಿಗ:
ನನ್ನದರಲ್ಲಿ ಆ ರಬ್ಬರನ್ನೇ ತೆಗೆದು, ಬಾಗಿನ ತುದಿಯಿಂದ ಸಣ್ಣ ಪೈಪನ್ನು ಕಾಕ್‌ಪಿಟ್ಟಿನ ಮೇಲಕ್ಕೆ ತಂದು ಹೊರಗೆ ಬಿಟ್ಟಿದ್ದೇನೆ. ಎಂಜಿನ್ ಓಡುವಾಗ ಅದರಿಂದ ಸ್ವಲ್ಪ ನೀರು ಚಿಮ್ಮುತ್ತದೆ, ಪಂಪ್ ಕೆಲಸ ಮಾಡುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಕಟ್ಟಿಕೊಳ್ಳುವುದಕ್ಕೆ ರಬ್ಬರೇ ಇಲ್ಲ.

ನೇತ್ರಾವತಿ_ನಾವಿಕ:
ಮಧ್ಯೆ ಬಂದೆ, ಕ್ಷಮಿಸಿ. ನಾನೂ ಗೋವಾದಲ್ಲೇ. ನನ್ನ ಟಾಯ್ಲೆಟ್ ಬೌಲ್ ರಾತ್ರಿ ತಾನಾಗಿ ತುಂಬಿ ಹರಿಯುತ್ತದೆ. ಸೀಕಾಕಿನಿಂದ ಪಂಪಿಗೆ ಹೋಗುವ ಹೋಸಿನಲ್ಲಿ ಇದೇ ತರಹದ ವಾಲ್ವ್ ಹಾಕಿದೆ, ಈಗ ಪಂಪ್ ನೀರೇ ಎಳೆಯುವುದಿಲ್ಲ.

ಕಾರವಾರದ_ಅಲೆ:
ಜಾಗ ತಪ್ಪಾಗಿದೆ. ಪಂಪಿಗೆ ಮೊದಲು ಹಾಕಿದರೆ ಪಂಪ್ ನೀರಿನ ಬದಲು ವಾಲ್ವಿನಿಂದ ಗಾಳಿ ಎಳೆಯುತ್ತದೆ. ಪಂಪಿನಿಂದ ಬೌಲಿಗೆ ಹೋಗುವ ಗಿಡ್ಡ ಹೋಸ್ ಇದೆಯಲ್ಲ, ಅದನ್ನು ತೆಗೆದು ಅಲ್ಲಿ ಎತ್ತರದ ಬಾಗು ಮಾಡಿ ವಾಲ್ವ್ ಹಾಕಿ. ಬೋಟ್ ವಾಲಿದಾಗಲೂ ಆ ತುದಿ ನೀರಿಗಿಂತ ಮೇಲೇ ಇರಬೇಕು. ಹೊರಗೆ ಹೋಗುವ ಪೈಪಿಗೂ ಬೇರೆ ಒಂದು ಬೇಕು.

ಮಾಂಡವಿ_ತೀರ:
ಎಂ-ಸೀಲ್ ಕೆತ್ತಿ ತೆಗೆದೆ, ಒಳಗೆ ರಬ್ಬರ್ ಕಲ್ಲಿನಂತಾಗಿತ್ತು. ಕೊಲಾಬಾದವರ ಹಾಗೆ ಪೈಪ್ ಹೊರಗೆ ತಂದೆ. ಇಂಪೆಲ್ಲರಿನ ಎರಡು ರೆಕ್ಕೆ ಸೀಳಿದ್ದವು, ಬದಲಿಸಿದೆ. ಮೂರು ಸಲ ಆಯಿಲ್ ಬದಲಾಯಿತು. ಬೇಕೆಂದೇ ಸೀಕಾಕ್ ತೆರೆದಿಟ್ಟು ನಾಲ್ಕು ರಾತ್ರಿ ಬೋಟಿನಲ್ಲೇ ಮಲಗಿದೆ, ಮಫ್ಲರಿನಲ್ಲಿ ನೀರು ಏರಿಲ್ಲ, ಆಯಿಲ್ ಸ್ವಚ್ಛ. ಆದರೂ ಇನ್ನು ಮುಂದೆ ಮನೆಗೆ ಹೋಗುವಾಗ ಸೀಕಾಕ್ ಮುಚ್ಚಿ, ಕೀಲಿಯನ್ನು ಅದರ ಹಿಡಿಕೆಗೇ ನೇತು ಹಾಕಿ ಹೋಗುತ್ತೇನೆ, ತೆರೆಯದೆ ಸ್ಟಾರ್ಟ್ ಮಾಡಬಾರದಲ್ಲ. ಕೈಯಲ್ಲಿ ತಿರುಗಿಸುವಾಗ ಹಿಂದಿನ ಸಿಲಿಂಡರ್ ಸ್ವಲ್ಪ ಸಡಿಲ ಅನ್ನಿಸುತ್ತದೆ. ರಿಂಗ್ ಹೋಗಿರಬಹುದಾ? ಯಾರಾದರೂ ಹೇಳಿ.

ನೇತ್ರಾವತಿ_ನಾವಿಕ:
ಬೌಲಿನ ಕಡೆಗೆ ಮುಕ್ಕಾಲು ಇಂಚಿನ ವಾಲ್ವ್ ಸಾಕಾ?

ಕೊಲಾಬಾ_ಕನ್ನಡಿಗ:
ಒಳಗೆ ಬರುವುದಕ್ಕೆ ಮುಕ್ಕಾಲು, ಹೊರಗೆ ಹೋಗುವುದಕ್ಕೆ ಒಂದೂವರೆ ಇಂಚು. ಹೋಸ್ ಅಳತೆ ನೋಡಿಯೇ ತನ್ನಿ.