ಘಾಟಿ ಹತ್ತುವ, ಪೆಟ್ರೋಲ್ ಉಳಿಸುವ ಹಳೆಯ ಕಾರು: ಸಹಾಯ ಬೇಕು
ನಮಸ್ಕಾರ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ದಿನವೂ ಓಡಾಟ, ಆಗಾಗ ಆಗುಂಬೆ ಇಳಿದು ಉಡುಪಿಗೂ ಹೋಗಬೇಕು. ಮೂರೂವರೆ ಲಕ್ಷದೊಳಗೆ 2017ರ ಆಸುಪಾಸಿನ ಪೆಟ್ರೋಲ್ ಸೆಲೆರಿಯೊ ಅಥವಾ ಟಿಯಾಗೊ ನೋಡುತ್ತಿದ್ದೇನೆ. ಸೆಲೆರಿಯೊ ಹಗುರ, ನಿಜ. ಆದರೆ 998 ಸಿಸಿ ಎಂಜಿನ್ ನಾಲ್ವರನ್ನೂ ಅಡಿಕೆ ಮೂಟೆಯನ್ನೂ ಹೊತ್ತು ಆ 14 ತಿರುವುಗಳನ್ನು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತಿದರೆ, ಕಂಪನಿ ಹೇಳುವ 23 ಕಿ.ಮೀ. ಮೈಲೇಜ್ ಕಾಗದದಲ್ಲೇ ಉಳಿಯುತ್ತದೆ. 1199 ಸಿಸಿಯ ಟಿಯಾಗೊ ಗಟ್ಟಿಮುಟ್ಟು, ತೂಕವೂ ಜಾಸ್ತಿ.

ನೋಡಿದ ಒಂದು ಕಾರಿನ ನೆಲಹಾಸು ಎತ್ತಿದರೆ ಅಡಿಯೆಲ್ಲ ತೇವ, ಸೀಟಿನ ಬೋಲ್ಟುಗಳಿಗೆ ತುಕ್ಕು. ‘ಮಲೆನಾಡಿನ ಮಳೆ ಅಲ್ಲವೇ ಸ್ವಾಮಿ’ ಎಂದು ಮಾಲೀಕರು ನಕ್ಕರು. ಬೆಲೆ ಮಾತ್ರ ಇಳಿಸಲಿಲ್ಲ!

ಘಾಟಿಯಲ್ಲಿ ಇವನ್ನು ಓಡಿಸುತ್ತಿರುವವರು ಲೀಟರಿಗೆ ನಿಜಕ್ಕೂ ಎಷ್ಟು ಸಿಗುತ್ತದೆ ಎಂದು ತಿಳಿಸಿ. ಖರೀದಿಗೆ ಮೊದಲು ಕಾರನ್ನು ಎತ್ತಿ ಅಡಿಭಾಗ ಪರೀಕ್ಷಿಸಿ ಕೊಡುವ ನಂಬಿಕಸ್ಥ ಮೆಕ್ಯಾನಿಕ್ ಶಿವಮೊಗ್ಗದಲ್ಲಿದ್ದರೆ ಅದನ್ನೂ ಹೇಳಿ.