ಕಲ್ಲು ಹಾಕಿದ ಮೇಲೂ ಕಡಲ್ಕೊರೆತ ಯಾಕೆ ನಿಲ್ಲುತ್ತಿಲ್ಲ?

ತೆಂಕುಗಾಳಿ: ಮಂಗಳೂರಿನ ಪಕ್ಕದ ಉಳ್ಳಾಲದಿಂದ ದಕ್ಷಿಣಕ್ಕೆ, ಉಚ್ಚಿಲದಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಮನೆ ಮುಂದೆ ದೊಡ್ಡ ದೊಡ್ಡ ಕಲ್ಲು ಹಾಕಿದ್ದಾರೆ. ಆದರೂ ಮಳೆಗಾಲ ಬಂತೆಂದರೆ ಆ ಕಲ್ಲುಗಳೇ ಮರಳಿನೊಳಗೆ ಕುಸಿಯುತ್ತವೆ, ಕಲ್ಲು ಮುಗಿಯುವಲ್ಲಿ ಪಕ್ಕದವರ ತೆಂಗಿನ ಮರಗಳು ಬುಡಸಮೇತ ಉರುಳಿವೆ. ಬೇಸಿಗೆಯಲ್ಲಿ ಹೋದರೆ ಅಲ್ಲಲ್ಲಿ ಮರಳು ವಾಪಸ್ ಬಂದಿರುತ್ತದೆ. ಇದೆಲ್ಲ ಹೇಗೆ? ತಿಳಿದವರು ಹೇಳಿ.

ಕಡಲತಡಿ: ಮರಳು ಹೋಗುವುದೂ ಅಲೆಯಿಂದ, ಬರುವುದೂ ಅಲೆಯಿಂದ. ಅಲೆಯ ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮಳೆಗಾಲದಲ್ಲಿ ಅಲೆಗಳು ಒಂದರ ಬೆನ್ನಿಗೆ ಒಂದು ಬಡಿಯುತ್ತಲೇ ಇರುತ್ತವೆ, ಮೊದಲೇ ನೆನೆದ ಮರಳಿನಲ್ಲಿ ನೀರು ಇಂಗುವುದಿಲ್ಲ, ಬಂದದ್ದೆಲ್ಲ ಜೋರಾಗಿ ಇಳಿಯುವಾಗ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಆ ಮರಳು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ಕೂರುತ್ತದೆ. ಮಳೆ ಕಳೆದ ಮೇಲೆ ಬರುವ ತಗ್ಗಾದ ಅಲೆಗಳು ಅದನ್ನೇ ನಿಧಾನಕ್ಕೆ ದಡಕ್ಕೆ ತಳ್ಳುತ್ತವೆ. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಹೋದದ್ದೆಲ್ಲ ನಷ್ಟ ಅಲ್ಲ. ಹೋದಷ್ಟು ವಾಪಸ್ ಬರದಿದ್ದರೆ ಮಾತ್ರ ಚಿಂತೆ.

ಅಳಿವೆಬಾಗಿಲು: ಉಳ್ಳಾಲದ ಕಷ್ಟವೇ ಅದು. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯಲ್ಲಿ ದೋಣಿಗಳಿಗಾಗಿ ಎರಡೂ ಕಡೆ ಬ್ರೇಕ್‌ವಾಟರ್, ಅಂದರೆ ಕಡಲೊಳಗೆ ಚಾಚಿದ ಅಲೆ ತಡೆಯುವ ಗೋಡೆ, ಕಟ್ಟಿದರು. ದಡದುದ್ದಕ್ಕೆ ಸಾಗುವ ಮರಳಿಗೆ ಅಡ್ಡವಾಯಿತು. ಉತ್ತರದ ಬೆಂಗ್ರೆ ಕಡೆ ಮರಳು ಕೂಡಿತು, ದಕ್ಷಿಣದ ಉಳ್ಳಾಲ ಸವೆಯಿತು.

ಕಲ್ಲಿನ ವಿಷಯಕ್ಕೆ ಬಂದರೆ, ಇಳಿಜಾರು ಮರಳಿನ ಮೇಲೆ ಅಲೆ ಓಡುತ್ತಾ ಸುಸ್ತಾಗುತ್ತದೆ. ಕಲ್ಲಿಗೆ ಬಡಿದರೆ ಹಾಗಲ್ಲ, ಹೊಡೆತ ವಾಪಸ್ ತಿರುಗಿ ಬುಡದ ಮರಳನ್ನು ಕೆದಕುತ್ತದೆ. ಅಡಿ ಟೊಳ್ಳಾದ ಮೇಲೆ ಕಲ್ಲು ಕುಸಿಯಲೇಬೇಕು, ಅಲ್ವಾ? ಕಲ್ಲು ಮುಗಿಯುವ ತುದಿಯಲ್ಲಿ ಅಲೆ ಒಳಗೆ ಬಾಗಿ ಪಕ್ಕದ ಮಣ್ಣನ್ನು ಕೊರೆಯುತ್ತದೆ. ಸರಿಯಾಗಿ ನೋಡಿ, ಅಲ್ಲಿ ದಡ ಅರ್ಧಚಂದ್ರದ ಹಾಗೆ ಒಳಗೆ ಹೋಗಿರುತ್ತದೆ. ನಿಮ್ಮ ಪಕ್ಕದವರ ತೆಂಗು ಹೋದದ್ದು ಹೀಗೇ ಇರಬೇಕು.

ತೆಂಕುಗಾಳಿ: ಹಾಗಾದರೆ ಕಲ್ಲೇ ಬೇಡವಾ?

ಕಡಲತಡಿ: ಮನೆ ಇವತ್ತೋ ನಾಳೆಯೋ ಅನ್ನುವಂತಿದ್ದರೆ ಕಲ್ಲು ಬೇಕೇ ಬೇಕು, ಬೇರೆ ದಾರಿ ಇಲ್ಲ. ಆದರೆ ಅಲೆಯನ್ನು ಅಂಗಳದಲ್ಲಿ ತಡೆಯುವುದಕ್ಕಿಂತ ದೂರದಲ್ಲೇ ಮುರಿಯುವುದು ಒಳ್ಳೆಯದು. ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆಯಲ್ಲಿ ಉಳ್ಳಾಲದಲ್ಲಿ ನೀರಿನೊಳಗೆ ರೀಫ್, ಅಂದರೆ ಮುಳುಗಿದ ದಿಬ್ಬದಂಥ ತಡೆ, ಕಟ್ಟಿದ್ದು ಇದಕ್ಕೇ.

ಅಳಿವೆಬಾಗಿಲು: ಇನ್ನೊಂದು ಮಾತು. ಚಿಕ್ಕಮ್ಮನ ಜಾಗದಲ್ಲಿ ನೇರಳೆ ಹೂವಿನ ಬಳ್ಳಿ ಹಬ್ಬಿದ ಮರಳು ದಿಬ್ಬ ಉಳಿದಿದ್ದರೆ ದಯವಿಟ್ಟು ಸಮತಟ್ಟು ಮಾಡಿಸಬೇಡಿ. ಆ ಬಳ್ಳಿ ಗಾಳಿಗೆ ಹಾರುವ ಮರಳನ್ನು ಹಿಡಿದು ದಿಬ್ಬ ಬೆಳೆಸುತ್ತದೆ. ದೊಡ್ಡ ಅಲೆ ಬಂದಾಗ ಮೊದಲು ಕರಗುವುದು ಆ ದಿಬ್ಬ, ಆಮೇಲೆ ಅಂಗಳ. ಪಕ್ಕದವರಿಗೂ ಹೇಳಿ.